ಸಂತರಿಗೆ ಮನ್ನಣೆ ಬರುವ ಬಗೆ

ಪುಷ್ಯಮಾಸದಲ್ಲಿ ಕೊಪ್ಪಳದ ಗವಿಮಠದ ಜಾತ್ರೆ ಬಂತೆಂದರೆ ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಿಂದ ದಾಸೋಹಕ್ಕೆ ಜೋಳದ ರೊಟ್ಟಿಗಳು ಗಂಟುಗಟ್ಟಲೆ ಬರುತ್ತವೆ. ಗವಿಸಿದ್ಧೇಶ್ವರನನ್ನು ಪೂಜಿಸಬೇಕೆಂದು ಯಾವ ಕಚೇರಿಯೂ ಹುಕುಂ ಹೊರಡಿಸಿಲ್ಲ. ಕ್ಯಾಥೊಲಿಕ್ ಧರ್ಮಸಭೆಯಲ್ಲಾದರೋ ಹುಕುಮೂ ಉಂಟು, ಅದಕ್ಕೆ ಮೊದಲು ದೀರ್ಘ ವಿಚಾರಣೆಯೂ ಉಂಟು. ಕೆನರಾ ಸೀಮೆಯಲ್ಲಿ ದುಡಿದ ಜೋಸೆಫ್ ವಾಜರು ಸಿಂಹಳದಲ್ಲಿ ತೀರಿಕೊಂಡದ್ದು 1711ರಲ್ಲಿ. ಸಂತಪದವಿ ದೊರೆತದ್ದು 2015ರಲ್ಲಿ!

ಆದರೂ ಹುಕುಮಿಗಿಂತ ಭಕ್ತಿಯೇ ಮುಂದೆ ಓಡುವುದುಂಟು. ಮೈಸೂರಿನ ಫಿಲೋಮಿನಾ ದೇವಾಲಯವನ್ನು ನೀವು ಕಂಡಿರಬಹುದು. ಯಾರು ಈ ಫಿಲೋಮಿನಾ? 1802ರಲ್ಲಿ ರೋಮಿನ ನೆಲದಡಿಯ ಸಮಾಧಿಯೊಂದರಲ್ಲಿ ಹುಡುಗಿಯೊಬ್ಬಳ ಎಲುಬುಗಳು ಸಿಕ್ಕವು. ಮುಚ್ಚಿದ್ದ ಮೂರು ಹೆಂಚುಗಳ ಅಕ್ಷರಗಳನ್ನು ಹಿಂದುಮುಂದು ಮಾಡಿ ಓದಿದಾಗ ಹೆಸರು ಹೊಳೆಯಿತು. ಅವಳ ಚರಿತ್ರೆ ಮಾತ್ರ ಒಂದು ಸಾಲೂ ಇಲ್ಲ. 1835ರಲ್ಲಿ ಪೌಲಿನ್ ಜಾರಿಕೋ ಎಂಬ ಫ್ರೆಂಚ್ ಮಹಿಳೆಯ ಕಾಯಿಲೆ ಅವಳ ಸನ್ನಿಧಿಯಲ್ಲಿ ವಾಸಿಯಾಯಿತೆಂದು ಸುದ್ದಿ ಹಬ್ಬಿತು. ಆರ್ಸ್ ಹಳ್ಳಿಯ ಗುರು ವಿಯಾನಿಯವರು, ಜನ ತಮ್ಮದೆಂದ ಪವಾಡಗಳನ್ನೆಲ್ಲ ಅವಳ ಲೆಕ್ಕಕ್ಕೇ ಬರೆದರು. 1837ರಲ್ಲಿ ಪೋಪರು ಅವಳ ಆರಾಧನೆಗೆ ಸಮ್ಮತಿಯಿತ್ತರು. ಮುಂದೆ ಅರಮನೆಯ ಅಧಿಕಾರಿ ತಂಬು ಚೆಟ್ಟಿಯವರ ಪ್ರಯತ್ನದಿಂದ ಅವಳ ಅವಶೇಷ ಮೈಸೂರಿಗೆ ಬಂತು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ದೇವಾಲಯಕ್ಕೆ ಅಡಿಗಲ್ಲಿಟ್ಟರು.

1961ರಲ್ಲಿ ರೋಮು ಅವಳ ಹೆಸರನ್ನು ಹಬ್ಬಗಳ ಪಂಚಾಂಗದಿಂದ ತೆಗೆಯಿತು. ಚರಿತ್ರಕಾರನಿಗೆ ಇದು ನ್ಯಾಯವೇ. ಆದರೆ ಕಥೆಯಿಲ್ಲದ ಹುಡುಗಿಯಾದ್ದರಿಂದಲೇ ಯಾರ ಮನೆಯ ಸಂಕಟವನ್ನಾದರೂ ಅವಳ ಮುಂದಿಡಬಹುದಾಯಿತೆಂದು ನನಗೆ ತೋರುತ್ತದೆ. ಮೈಸೂರಿನ ದೇವಾಲಯದ ನೆಲಮಾಳಿಗೆಗೆ ಅವಳ ಮೂರ್ತಿಯನ್ನು ಕಾಣಲು ಇಂದಿಗೂ ಜನ ಇಳಿದು ಹೋಗುತ್ತಾರೆ. ಅವರಲ್ಲಿ ಕ್ರೈಸ್ತರಲ್ಲದವರೂ ಬಹಳ.