ಹಂದಿ ಪಟ್ಟಾ ನೋಡಿ ನುಗ್ಗೋದಿಲ್ಲ

(ಹಾಸ್ಟೆಲ್ ಗೆಳೆಯರ ಸಭೆಯಲ್ಲಿ ಆಡಿದ ಮಾತು)

ಅಮೆರಿಕದ ಹಂದಿಗಳ ವಿಚಾರ ಮಾತಾಡ್ತೀವಿ ಅಂದಾಗ ಹಿಂದಿನ ಸಾಲಿನವರು ನಕ್ಕರು. ನಗಲಿ. ನಕ್ಕು ಮುಗಿದ ಮೇಲೆ ಲೆಕ್ಕ ಕೇಳಲಿ.

1539ರಲ್ಲಿ ಸ್ಪೇನಿನ ಹೆರ್ನಾಂಡೊ ಡಿ ಸೊಟೊ ದಂಡು ಕಟ್ಟಿಕೊಂಡು ಫ್ಲಾರಿಡಾಕ್ಕೆ ಬಂದ. ಮೂಲನಿವಾಸಿಗಳ ನೆಲಕ್ಕೆ ನುಗ್ಗಿದವನು ದಂಡಿನ ಊಟಕ್ಕೆಂದು ಹಂದಿಗಳನ್ನೂ ಹೊಡಕೊಂಡು ಬಂದ. ತಪ್ಪಿಸಿಕೊಂಡವು ಕಾಡು ಸೇರಿದವು. ಆಮೇಲೆ ಉಳ್ಳವರು ಬೇಟೆಯ ಶೋಕಿಗೆ ಯುರೋಪಿನ ಕಾಡುಹಂದಿ ತಂದು ಬಿಟ್ಟರು. ಇವತ್ತು ಮೂವತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಆ ಸಂತಾನ ಮುಸುಕಿನ ಜೋಳ, ಕಡಲೆಕಾಯಿ ಹೊಲಗಳನ್ನು ಬಗೆದು ಹಾಕ್ತಿದೆ. ತಂದವರು ಯಾರೋ, ಬೆಳೆ ಕಳಕೊಂಡವರು ಯಾರೋ!

2014ರಲ್ಲಿ ಅಲ್ಲಿನ ಕೃಷಿ ಇಲಾಖೆ ದೇಶಮಟ್ಟದ ಹಂದಿ ನಿಯಂತ್ರಣ ಶುರುಮಾಡಿತು. 2018ರ ಕೃಷಿ ಕಾಯ್ದೆ ಐದು ವರ್ಷಕ್ಕೆ 7.5 ಕೋಟಿ ಡಾಲರ್ ತೆಗೆದಿಟ್ಟಿತು. ಅರ್ಧ, ಹಂದಿ ಹಿಡಿಯುವ ಇಲಾಖೆ ಸಿಬ್ಬಂದಿಗೆ. ಇನ್ನರ್ಧ, ಸ್ಥಳೀಯ ಸಂಸ್ಥೆಗಳಿಗೆ ಅನುದಾನ. ಅವರು ರೈತರಿಗೆ ಬೋನು ಕೊಡಬೇಕು, ತರಬೇತಿ ಕೊಡಬೇಕು.

ಕೋವಿ ಸಾಲದೇ ಅಂತೀರಾ? ಒಂದನ್ನು ಹೊಡೆದರೆ ಉಳಿದವು ಚೆದರಿ ಬುದ್ಧಿ ಕಲೀತವೆ. ಹೆಣ್ಣುಹಂದಿ ವರ್ಷಕ್ಕೆ ಎರಡು ಸಲ ಈಯಬಲ್ಲದು. ಅದಕ್ಕೇ ದೊಡ್ಡಿಯಂಥ ಬೋನು ಕಟ್ಟಿ, ದಿನಗಟ್ಟಲೆ ಜೋಳ ಚೆಲ್ಲಿ, ಇಡೀ ಹಿಂಡು ಒಳಬಂದ ಮೇಲೆ ಬಾಗಿಲು ಬೀಳಿಸ್ತಾರೆ. ಅದೂ ಒಬ್ಬನ ಹೊಲದಲ್ಲಿ ಮಾಡಿದರೆ ಸಾಲದು. ಪಕ್ಕದ ಹೊಲದ ಹಿಂಡು ನಾಳೆ ಇಲ್ಲಿಗೇ ಬರುತ್ತೆ. ಎಲ್ಲರ ಹೊಲವೂ ಲೆಕ್ಕಕ್ಕೆ ಬರಬೇಕು.

ಬರುತ್ತಾ? ಅಲ್ಲೇ ಇದೆ ಪ್ರಶ್ನೆ.

ಹಂದಿ ಕಾಟ ಹೆಚ್ಚಿರುವ ದಕ್ಷಿಣದ ರಾಜ್ಯಗಳೇ ಕಪ್ಪು ರೈತರ ನೆಲ. 1920ರಲ್ಲಿ ಅಂಥ ರೈತರು ಒಂಬತ್ತು ಲಕ್ಷಕ್ಕೂ ಹೆಚ್ಚು. 2022ರ ಗಣತಿಯಲ್ಲಿ ಐವತ್ತು ಸಾವಿರವೂ ಇಲ್ಲ. ಸಾಲ ಕೊಡುವಾಗ ಬಣ್ಣ ನೋಡಿದಿರಿ ಅಂತ ಇದೇ ಕೃಷಿ ಇಲಾಖೆಯನ್ನು ಅವರು ಕೋರ್ಟಿಗೆ ಎಳೆದರು. 1999ರಲ್ಲಿ ಇಲಾಖೆ ಪರಿಹಾರಕ್ಕೆ ಒಪ್ಪಬೇಕಾಯಿತು. ಅವರ ಎಷ್ಟೋ ಜಮೀನು ಅಜ್ಜನ ಹೆಸರಲ್ಲೇ ಉಳಿದಿದೆ. ಉಯಿಲಿಲ್ಲ, ಪಾಲಾಗಿಲ್ಲ, ಮೊಮ್ಮಕ್ಕಳಿಗೆಲ್ಲ ಸೇರಿದ್ದು. ಸ್ಪಷ್ಟ ಹಕ್ಕುಪತ್ರ ಇಲ್ಲದವರಿಗೆ ಇಲಾಖೆಯ ಜಮೀನು ನಂಬರು ಸಿಗ್ತಿರಲಿಲ್ಲ. ನಂಬರಿಲ್ಲದಿದ್ದರೆ ಇಲಾಖೆಯ ಬಹುತೇಕ ಸಾಲ, ಸಹಾಯ ಇಲ್ಲ.

ಹಂದಿ ಮಾತ್ರ ಹಕ್ಕುಪತ್ರ ಕೇಳದೆ ನುಗ್ಗುತ್ತೆ.

ಹಂದಿಗೆ ದುಡ್ಡಿಟ್ಟ ಅದೇ 2018ರ ಕಾಯ್ದೆ ಇನ್ನೊಂದು ಬಾಗಿಲನ್ನೂ ತೆರೆಯಿತು: ಇಂಥ ಪಿತ್ರಾರ್ಜಿತ ಜಮೀನು ಉಳುವವರು ಬೇರೆ ದಾಖಲೆ ತೋರಿಸಿಯೂ ನಂಬರು ಪಡೆಯಬಹುದು. ಬೋನಿಗೂ ಈ ಬಾಗಿಲಿಗೂ ಒಂದೇ ಕಾಯ್ದೆ. ಆದರೆ ಸುದ್ದಿಯಾದದ್ದು ಬೋನು.

ಸ್ಕಾಲರ್‌ಶಿಪ್ಪಿಗೆ ಜಾತಿ ಸರ್ಟಿಫಿಕೇಟು, ಆದಾಯ ಸರ್ಟಿಫಿಕೇಟು ಅಂತ ತಾಲ್ಲೂಕು ಕಚೇರಿ ಮೆಟ್ಟಿಲು ಸವೆಸಿದ ನಮಗೆ ಇದನ್ನು ಬಿಡಿಸಿ ಹೇಳಬೇಕೇ? ಎಲ್ಲಿಯದೇ ಅನುದಾನದ ಸುದ್ದಿ ಓದಲಿ ಗೆಳೆಯರೇ, ಎಷ್ಟು ಕೋಟಿ ಅಂತ ಕೇಳಿದ ಮೇಲೆ ಇನ್ನೊಂದು ಮಾತು ಕೇಳೋಣ: ಅರ್ಜಿ ಜೊತೆ ಯಾವ ಕಾಗದ ಲಗತ್ತಿಸಬೇಕು, ಆ ಕಾಗದ ಯಾರ ಮನೆಯಲ್ಲಿದೆ?