ಲೆಕ್ಕಶೀರ್ಷಿಕೆ ಇಲ್ಲದ ಮುನ್ನೋಟ



 

ನಮ್ಮ ವಿಶ್ವವಿದ್ಯಾಲಯಗಳಲ್ಲಿ ಮುನ್ನೋಟದ ದಸ್ತಾವೇಜು ಹೇಗೆ ತಯಾರಾಗುತ್ತದೆ ಎಂಬುದು ಇಲ್ಲಿರುವ ಎಲ್ಲರಿಗೂ ಗೊತ್ತು. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುತ್ತದೆಂದು ಸುದ್ದಿ ಹಬ್ಬುತ್ತದೆ. ಅದರ ಏಳು ಮಾನದಂಡಗಳಲ್ಲಿ ಆರನೆಯದು ಆಡಳಿತದ್ದು. ಕಾರ್ಯತಂತ್ರ ರೂಪಿಸಿ ಜಾರಿಗೆ ತಂದಿದ್ದೀರಾ ಎಂದು ಅದರೊಳಗೆ ಕೇಳುತ್ತಾರೆ. ಕೂಡಲೇ ಆಂತರಿಕ ಗುಣಮಟ್ಟ ಖಾತರಿ ಕೋಶದಿಂದ (ಐಕ್ಯೂಎಸಿ) ವಾಟ್ಸ್ಆ್ಯಪ್ ಗುಂಪಿಗೆ ಎಕ್ಸೆಲ್ ಹಾಳೆಯೊಂದು ಬಂದು ಬೀಳುತ್ತದೆ: 'ನಾಳೆ ಸಂಜೆ ಐದರೊಳಗೆ ಭರ್ತಿ ಮಾಡಿ ಕಳಿಸಿ.' ವಿಭಾಗದ ಮುಖ್ಯಸ್ಥರು ಹಿಂದಿನ ಸಲದ ಕಡತ ತೆಗೆದು ಇಸವಿ ತಿದ್ದುತ್ತಾರೆ. ಕಾಯಂ ಅಧ್ಯಾಪಕರು ಒಬ್ಬರೇ ಉಳಿದ ವಿಭಾಗವೂ ಹೊಸ ಸ್ನಾತಕೋತ್ತರ ಕೋರ್ಸು, ಸಂಶೋಧನಾ ಕೇಂದ್ರ ಎಂದೆಲ್ಲ ಬರೆಯುತ್ತದೆ. ಟೈಪು ಮಾಡಿಕೊಡುವವರು ಬಹುಪಾಲು ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ತಾವೇ ಇರುತ್ತೇವೋ ಇಲ್ಲವೋ ತಿಳಿಯದವರು. ಮಿರುಗುವ ರಟ್ಟಿನ ಪುಸ್ತಕ ಅಚ್ಚಾಗುತ್ತದೆ. ತಂಡ ಹೋದ ಮೇಲೆ ಅದನ್ನು ತೆರೆದವರನ್ನು ನಾನಂತೂ ಕಂಡಿಲ್ಲ.

ಇದೇ ನಾಡಿನಲ್ಲಿ ಬೇರೆ ಕ್ರಮವೂ ಇತ್ತು. ಮೈಸೂರು ವಿಶ್ವವಿದ್ಯಾಲಯದಲ್ಲಿ ಕುವೆಂಪು ಅವರು ಸ್ನಾತಕೋತ್ತರ ವಿಭಾಗಗಳಿಗೆ ಮಾನಸಗಂಗೋತ್ರಿ ಆವರಣವನ್ನು ಕಟ್ಟಲು ಹೊರಟರು. 1960ರಲ್ಲಿ ಅವರು ಕುಲಪತಿ ಸ್ಥಾನದಿಂದ ಇಳಿದ ಮೇಲೂ ಆ ಕೆಲಸ ನಿಲ್ಲಲಿಲ್ಲ. ಅದೇ ವಿಶ್ವವಿದ್ಯಾಲಯ 1968ರಲ್ಲಿ ಕೊಣಾಜೆಯಲ್ಲಿ ಸ್ನಾತಕೋತ್ತರ ಕೇಂದ್ರ ತೆರೆಯಿತು. ಅದು ಮಂಗಳೂರು ವಿಶ್ವವಿದ್ಯಾಲಯವಾದದ್ದು 1980ರಲ್ಲಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಕಲಬುರಗಿಯಲ್ಲಿ ಇಟ್ಟಿದ್ದ ಕೇಂದ್ರವೂ ಅದೇ ವರ್ಷ ಸ್ವತಂತ್ರವಾಯಿತು. ಫಲಕ ಬದಲಾಗುವ ಹೊತ್ತಿಗೆ ಅಲ್ಲಿ ಪಾಠ ನಡೆದು ವರ್ಷಗಳೇ ಆಗಿದ್ದವು. ಕಾರ್ಯತಂತ್ರ ಎಂಬ ಮಾತನ್ನು ಆಗ ಯಾರೂ ಆಡುತ್ತಿರಲಿಲ್ಲ ಎನ್ನಿ.

ಈಚಿನ ಕ್ರಮ ಬೇರೆ. ರಾಜ್ಯ ವಿಶ್ವವಿದ್ಯಾಲಯಗಳ 2022ರ ತಿದ್ದುಪಡಿ ಕಾಯ್ದೆಯಲ್ಲಿ ಬೀದರ್, ಕೊಪ್ಪಳ, ಬಾಗಲಕೋಟೆ, ಹಾವೇರಿ, ಹಾಸನ, ಕೊಡಗು, ಚಾಮರಾಜನಗರಗಳಿಗೆ ಒಟ್ಟಿಗೇ ವಿಶ್ವವಿದ್ಯಾಲಯ ಬಂತು. 2025ರ ಫೆಬ್ರವರಿಯಲ್ಲಿ ರಾಜ್ಯದ ಸಂಪುಟ ಉಪಸಮಿತಿ ಹಣವಿಲ್ಲವೆಂದು ಇವುಗಳಲ್ಲಿ ಹೆಚ್ಚಿನವೂ ಸೇರಿದಂತೆ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತೆತ್ತಿತು. ಹಾಸನದ ಹೇಮಗಂಗೋತ್ರಿ, ಕೊಡಗಿನ ಚಿಕ್ಕ ಅಳುವಾರದಲ್ಲಿ ಮೊದಲೇ ಕೇಂದ್ರಗಳಿದ್ದವಲ್ಲ ಎಂದು ನೀವು ಕೇಳಬಹುದು. ಇದ್ದವು. ಆದರೆ ಕೇಂದ್ರ ನಡೆಸುವ ಖರ್ಚೇ ಬೇರೆ; ಕುಲಸಚಿವರು, ಪರೀಕ್ಷಾ ವಿಭಾಗ, ಹಣಕಾಸು ವಿಭಾಗ ಸಮೇತ ವಿಶ್ವವಿದ್ಯಾಲಯ ನಡೆಸುವ ಖರ್ಚೇ ಬೇರೆ. ಇತ್ತ ಮಾತೃ ವಿಶ್ವವಿದ್ಯಾಲಯದ ಗತಿ ಏನಾಯಿತು ನೋಡಿ. ಸಂಯೋಜಿತ ಕಾಲೇಜುಗಳು ಹೊಸದರ ಪಾಲಾದವು. ಅವುಗಳ ಜೊತೆ ಸಂಯೋಜನಾ ಶುಲ್ಕ, ಪರೀಕ್ಷಾ ಶುಲ್ಕವೂ ಹೊರಟುಹೋಯಿತು. ನಿವೃತ್ತರ ಪಿಂಚಣಿ ಮಾತ್ರ ಹಳೆಯ ಮನೆಯಲ್ಲೇ ಉಳಿಯಿತು. ಹಳೆಯ ವಿಶ್ವವಿದ್ಯಾಲಯಗಳು ಪಿಂಚಣಿಗೆ ಹಣ ಹೊಂದಿಸಲು ಪರದಾಡುವುದರ ಹಿಂದೆ ಈ ಲೆಕ್ಕವೂ ಇದೆ.

ರಾಷ್ಟ್ರೀಯ ಶಿಕ್ಷಣ ನೀತಿ 2020 ಪ್ರತಿ ಸಂಸ್ಥೆಯೂ ಸಾಂಸ್ಥಿಕ ಅಭಿವೃದ್ಧಿ ಯೋಜನೆ ಮಾಡಬೇಕೆಂದಿತು. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2024ರಲ್ಲಿ ಅದಕ್ಕೆ ಮಾರ್ಗಸೂಚಿ ಕೊಟ್ಟಿತು. ನೀತಿಯ ಬಗ್ಗೆ ಸಭೆಯಲ್ಲಿ ಎರಡು ಪಕ್ಷಗಳಿವೆ, ಆ ಜಗಳ ನಾಳೆಗಿರಲಿ. ಯೋಜನೆಯಂತೂ ಬೇಕು. ಆದರೆ ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳ ಕಾಯ್ದೆಯಲ್ಲಿ ಕುಲಪತಿಗಳ ಅವಧಿ ನಾಲ್ಕು ವರ್ಷ. ಮೊದಲ ವರ್ಷ ಹಳಬರ ಕಡತ ಓದುವುದಕ್ಕೆ ಹೋಗುತ್ತದೆ, ಕೊನೆಯ ವರ್ಷ ಮುಂದಿನವರು ಯಾರೆಂಬ ಊಹಾಪೋಹಕ್ಕೆ. ಹತ್ತು ವರ್ಷದ ಯೋಜನೆ ಕುಲಪತಿಗಳ ಮೇಜಿನ ಮೇಲಿದ್ದರೆ ಅವರೊಂದಿಗೇ ಹೋಗುತ್ತದೆ. ಅದು ಬಜೆಟ್ಟಿನ ಪುಟದಲ್ಲಿರಬೇಕು.

ಹಾಗಾಗಿ ಈ ಸಮ್ಮೇಳನದ ಮುಂದೆ ನನ್ನ ಬೇಡಿಕೆ ಸಣ್ಣದು. ಯೋಜನೆಯ ಪ್ರತಿ ಬಾಬಿನ ಎದುರಿಗೆ ಬಜೆಟ್ಟಿನ ಲೆಕ್ಕಶೀರ್ಷಿಕೆ, ಮಂಜೂರಾದ ಹುದ್ದೆ, ಹೊಣೆ ಹೊತ್ತವರ ಪದನಾಮ ಇರಲಿ. ಮೂರರಲ್ಲಿ ಒಂದಿಲ್ಲದಿದ್ದರೂ ಬಾಬನ್ನು ಹೊಡೆದುಹಾಕಲಿ. ಬಜೆಟ್ ಅಂಗೀಕರಿಸುವ ಸಭೆಯಲ್ಲೇ ಸಿಂಡಿಕೇಟ್ ಹಿಂದಿನ ವರ್ಷ ಏನಾಯಿತೆಂದು ಕೇಳಲಿ. ಯಾವ ಕೋರ್ಸು ನಿಲ್ಲಿಸುತ್ತೇವೆ ಎಂಬುದನ್ನೂ ಯೋಜನೆ ಹೇಳಲಿ. ಇದಕ್ಕೆ ನಮ್ಮವರಿಂದಲೇ ವಿರೋಧ ಬರುತ್ತದೆ, ಗೊತ್ತು. ವಿದ್ಯಾರ್ಥಿಗಳೇ ಸೇರದ ಕೋರ್ಸಿಗೆ ಹುದ್ದೆ ಕೇಳುತ್ತಾ ಹೋದರೆ, ತುಂಬಿ ತುಳುಕುವ ತರಗತಿಗೂ ಸಿಗುವುದಿಲ್ಲ.

ಮಧ್ಯಾಹ್ನದ ಗೋಷ್ಠಿಗೆ ಹಣಕಾಸು ಅಧಿಕಾರಿಗಳನ್ನು ಕರೆಸಿದ್ದೇವೆ. ನಿಮ್ಮ ನಿಮ್ಮ ವಿಶ್ವವಿದ್ಯಾಲಯದ ಬಜೆಟ್ ಪ್ರತಿ ಹಿಡಿದು ಬನ್ನಿ. ಊಟ ಮುಗಿಸಿ ಬಸ್ ಹತ್ತಬೇಡಿ.