ಚಿತ್ರಮಂದಿರದಲ್ಲಿ ಕುಳಿತ ಜ್ಯೂರಿ



2020ರ ಸೆಪ್ಟೆಂಬರ್ ಕೊನೆಯಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಒಂದು ಚಿತ್ರಮಂದಿರಕ್ಕೆ ಹದಿನೈದು ಮಂದಿ ಸಾಮಾನ್ಯ ನಾಗರಿಕರು ಬಂದು, ಒಬ್ಬರಿಂದೊಬ್ಬರು ದೂರ ದೂರ ಕುಳಿತರು. ಎದುರಿನ ದೊಡ್ಡ ಪರದೆಯ ಮೇಲೆ ನ್ಯಾಯಾಧೀಶರು, ವಕೀಲರು, ಸಾಕ್ಷಿ, ಆರೋಪಿ ಕಾಣಿಸಿಕೊಂಡರು. ಅವರೆಲ್ಲ ಇದ್ದದ್ದು ಊರಿನ ಇನ್ನೊಂದು ಭಾಗದ ಹೈಕೋರ್ಟಿನಲ್ಲಿ. ಕೋರ್ಟಿನೊಳಗೆ ಸಾಲಾಗಿ ಹೂಡಿದ ಪರದೆಗಳಲ್ಲಿ ಈ ಹದಿನೈದು ಮುಖಗಳು ಮೂಡಿದ್ದವು. ಕೊರೊನಾ ಕಾಲದಲ್ಲಿ ಅಲ್ಲಿ ಗಂಭೀರ ಅಪರಾಧಗಳ ವಿಚಾರಣೆ ಮುಂದುವರಿದದ್ದು ಹೀಗೆ.

ಜ್ಯೂರಿ ಎಂದರೆ ಕಾನೂನು ಓದದ ನಾಗರಿಕರ ಗುಂಪು. ಸಾಕ್ಷ್ಯ ಕೇಳಿ, ಆರೋಪಿ ತಪ್ಪಿತಸ್ಥನೇ ಅಲ್ಲವೇ ಎಂದು ಹೇಳುವವರು ಅವರೇ. ನಮ್ಮ ದೇಶದಲ್ಲೂ ಈ ಪದ್ಧತಿ ಇತ್ತು. ನಾನಾವತಿ ಎಂಬ ನೌಕಾಧಿಕಾರಿ ಕೊಲೆ ಆರೋಪಿಯಾಗಿದ್ದ 1959ರ ಪ್ರಕರಣದಲ್ಲಿ ಬೊಂಬಾಯಿಯ ಜ್ಯೂರಿ ಎಂಟಕ್ಕೆ ಒಂದರಂತೆ ಆರೋಪಿ ನಿರ್ದೋಷಿ ಎಂದಿತು. ಸೆಷನ್ಸ್ ನ್ಯಾಯಾಧೀಶರು ಅದನ್ನು ಒಪ್ಪದೆ ಪ್ರಕರಣವನ್ನು ಹೈಕೋರ್ಟಿಗೆ ಕಳಿಸಿದರು, ಹೈಕೋರ್ಟು ಶಿಕ್ಷೆ ವಿಧಿಸಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಉಳಿಯಲಿಲ್ಲ. ಕೊರೊನಾ ಬಂದಾಗ ನಮ್ಮ ಹೈಕೋರ್ಟಿನಲ್ಲೂ ವಿಡಿಯೊ ಮೂಲಕ ವಾದ ನಡೆಯಿತು. ಆದರೆ ಕೇಳುತ್ತಿದ್ದವರು ನ್ಯಾಯಮೂರ್ತಿಗಳು, ಅವರ ಮುಂದೆ ಇಡೀ ಕಡತ ಇರುತ್ತದೆ. ಜ್ಯೂರಿಯಲ್ಲಿ ಕೂತವರಿಗೆ ಕಂಡದ್ದು, ಕೇಳಿದ್ದು ಇವೆರಡೇ ಆಧಾರ. ಆದ್ದರಿಂದಲೇ ಅಲ್ಲಿ ಪರದೆ ಅಡ್ಡ ಬಂದಾಗ ವಕೀಲಿಕೆಯ ಬುಡವೇ ಅಲುಗಾಡಿತು.

ಸ್ಕಾಟ್ಲೆಂಡಿನ ಕಷ್ಟ ಮೊದಲಿಗೆ ಜಾಗದ್ದು. ಹದಿನೈದು ಜನರನ್ನು ಎರಡೆರಡು ಮೀಟರ್ ಅಂತರದಲ್ಲಿ ಕೂರಿಸುವಷ್ಟು ದೊಡ್ಡ ಕೋರ್ಟುಗಳು ಅಲ್ಲಿರಲಿಲ್ಲ. ಜ್ಯೂರಿಯನ್ನೇ ಬಿಟ್ಟು ನ್ಯಾಯಾಧೀಶರೊಬ್ಬರೇ ತೀರ್ಪು ಕೊಡಲಿ ಎಂದು 2020ರ ಮಾರ್ಚಿನಲ್ಲಿ ಸರ್ಕಾರ ಸೂಚಿಸಿತು. ವಕೀಲರು ಬಲವಾಗಿ ವಿರೋಧಿಸಿದರು, ಸೂಚನೆ ಹಿಂದಕ್ಕೆ ಹೋಯಿತು. ಎರಡನೇ ಮಹಾಯುದ್ಧದಲ್ಲಿ ಜ್ಯೂರಿಯ ಸಂಖ್ಯೆಯನ್ನು ಏಳಕ್ಕೆ ಇಳಿಸಿದ್ದ ನಾಡು ಅದು, ಈ ಸಲ ಹಾಗೂ ಮಾಡಲಿಲ್ಲ. ಹೇಗೂ ಖಾಲಿ ಬಿದ್ದಿದ್ದ ಚಿತ್ರಮಂದಿರಗಳನ್ನು ಹಿಡಿದರು.

ಈಗ ವಕೀಲರ ಕಷ್ಟ ನೋಡೋಣ. ಪಾಟೀಸವಾಲು ಮಾಡುವಾಗ ನುರಿತ ವಕೀಲರ ಒಂದು ಕಣ್ಣು ಸಾಕ್ಷಿಯ ಮೇಲಿದ್ದರೆ ಇನ್ನೊಂದು ಜ್ಯೂರಿಯ ಮೇಲಿರುತ್ತದೆ. ಯಾರೋ ಹುಬ್ಬು ಗಂಟಿಕ್ಕಿದರೆ ಅದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಇನ್ನೊಮ್ಮೆ ಕೇಳುತ್ತಾರೆ. ಪರದೆಯ ಮೂಲಕ ಇದು ಆಗುವುದಿಲ್ಲ. ಕ್ಯಾಮೆರಾ ದಿಟ್ಟಿಸಿದರೆ ಜ್ಯೂರಿಗೆ ತಮ್ಮನ್ನೇ ನೋಡಿ ಮಾತಾಡಿದಂತೆ ಅನಿಸುತ್ತದೆ, ಆದರೆ ವಕೀಲರಿಗೆ ಅವರ ಮುಖ ಕಾಣುವುದಿಲ್ಲ. ಮುಖ ನೋಡಲು ತಿರುಗಿದರೆ ಅತ್ತ ಕಣ್ಣು ತಪ್ಪಿಸಿದಂತೆ ಕಾಣುತ್ತದೆ. ಎರಡರಲ್ಲಿ ಒಂದನ್ನು ಬಿಡಲೇಬೇಕು. ಸಾಕ್ಷಿ ಸಿಕ್ಕಿಬಿದ್ದ ಗಳಿಗೆಯಲ್ಲಿ ಸುಮ್ಮನೆ ನಿಂತುಬಿಡುವುದು ಹಳೆಯ, ಒಳ್ಳೆಯ ಪಟ್ಟು. ವಿಡಿಯೊದಲ್ಲಿ ಅದೇ ಮೌನ ನೆಟ್‌ವರ್ಕ್ ಕೈಕೊಟ್ಟಂತೆ ತೋರುತ್ತದೆ. ಹೀಗಾಗಿ ಮಾತು ಚಿಕ್ಕದಾಗಬೇಕಾಯಿತು, ದಾಖಲೆ ಮುಂದೆ ಬರಬೇಕಾಯಿತು. ಇದರಲ್ಲಿ ಒಂದು ಲಾಭವೂ ಇದೆ ಎಂದು ನಾನು ಒಪ್ಪುತ್ತೇನೆ: ಮೂಲೆಯಲ್ಲಿ ಕೂತವರಿಗೂ ಪತ್ರ, ನಕ್ಷೆ, ಫೋಟೊ ಒಂದೇ ಅಳತೆಯಲ್ಲಿ ಕಾಣುತ್ತವೆ, ಸಾಕ್ಷಿಯ ಮುಖ ಕಟಕಟೆಯಲ್ಲಿದ್ದುದಕ್ಕಿಂತ ಹತ್ತಿರ ಬರುತ್ತದೆ.

ಅಮೆರಿಕದ ಕೆಲವು ಕೋರ್ಟುಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಜ್ಯೂರಿಯನ್ನು ಅವರವರ ಮನೆಯಲ್ಲೇ ಕೂರಿಸಿದವು. 2020ರ ಮೇ ತಿಂಗಳಲ್ಲಿ ಟೆಕ್ಸಾಸ್ ರಾಜ್ಯದ ಕಾಲಿನ್ ಕೌಂಟಿಯಲ್ಲಿ ವಿಮೆಯ ವ್ಯಾಜ್ಯವೊಂದನ್ನು ಜೂಮ್‌ನಲ್ಲಿ ಜ್ಯೂರಿ ಕೇಳಿತು. ಜ್ಯೂರಿ ಕೊಟ್ಟ ಅಭಿಪ್ರಾಯ ಕಕ್ಷಿದಾರರನ್ನು ಕಟ್ಟಿಹಾಕುವಂಥದ್ದಾಗಿರಲಿಲ್ಲ, ರಾಜಿಗೆ ದಾರಿಯಾಗಲಿ ಎಂದಷ್ಟೇ. ಆಗಸ್ಟಿನಲ್ಲಿ ಅದೇ ರಾಜ್ಯದ ಟ್ರಾವಿಸ್ ಕೌಂಟಿಯಲ್ಲಿ ಅತಿವೇಗದ ಚಾಲನೆಯ ಸಣ್ಣ ಮೊಕದ್ದಮೆ ಜೂಮ್‌ನಲ್ಲೇ ತೀರ್ಮಾನವಾಯಿತು. ಅಮೆರಿಕದಲ್ಲಿ ವಿಚಾರಣೆಗೆ ಮುಂಚೆ ವಕೀಲರು ಜ್ಯೂರಿಗೆ ಬಂದವರನ್ನು ಪ್ರಶ್ನಿಸಿ, ಪೂರ್ವಗ್ರಹ ಇದ್ದವರನ್ನು ಕೈಬಿಡಿಸುವ ಪದ್ಧತಿಯಿದೆ. ಮನೆಯಲ್ಲಿ ಕೂತ ಜನ ಇನ್ನಷ್ಟು ಬಿಚ್ಚುಮನಸ್ಸಿನಿಂದ ಮಾತಾಡುತ್ತಾರೆಂದು ಹಲವು ವಕೀಲರು ಮೆಚ್ಚಿದರು. ಆದರೆ ಮನೆಯಲ್ಲಿ ಮಗು ಅಳುತ್ತದೆ, ಫೋನು ಕರೆಯುತ್ತದೆ, ಕೆಲವರಿಗೆ ಇಂಟರ್ನೆಟ್ಟೇ ಇರುವುದಿಲ್ಲ. ಕಕ್ಷಿದಾರನೂ ಬೇರೆ ಕಡೆ ಇದ್ದರೆ, ನಡುವೆ ವಕೀಲರ ಕಿವಿಯಲ್ಲಿ ಪಿಸುಗುಟ್ಟಲು ಅವನಿಗೆ ದಾರಿಯಿಲ್ಲ. ವಿಚಾರಣೆ ನಿಲ್ಲಿಸಿ ಇಬ್ಬರನ್ನೂ ಪ್ರತ್ಯೇಕ ವಿಡಿಯೊ ಕೋಣೆಗೆ ಕಳಿಸಬೇಕು.

ಹಣದ ವ್ಯಾಜ್ಯಕ್ಕೆ, ಎರಡೂ ಕಡೆಯವರು ಒಪ್ಪಿದರೆ, ಜೂಮ್ ಸಾಕು ಎನ್ನುತ್ತೇನೆ. ಒಬ್ಬ ಮನುಷ್ಯ ವರ್ಷಗಟ್ಟಲೆ ಜೈಲಿಗೆ ಹೋಗುವ ಪ್ರಶ್ನೆಯಿದ್ದಾಗ ಅದು ಸಾಲದು. ಆಗಿನ ನಿಯಮದಂತೆ ಸ್ಕಾಟ್ಲೆಂಡಿನಲ್ಲಿ ಹದಿನೈದರಲ್ಲಿ ಎಂಟು ಮತ ವಿರುದ್ಧ ಬಿದ್ದರೆ ಆರೋಪಿ ತಪ್ಪಿತಸ್ಥನಾಗುತ್ತಿದ್ದ; ಒಂದೇ ಮತದಲ್ಲಿ ಬದುಕು ಆಚೀಚೆ ಆಗಬಹುದಿತ್ತು. ಅಂಥ ಹೊತ್ತಿನಲ್ಲಿ ಅನುಮಾನವಿರುವ ಒಬ್ಬರು ಪಕ್ಕದವರತ್ತ ತಿರುಗಿ, "ಆ ಸಾಕ್ಷಿ ಹೇಳಿದ್ದನ್ನು ನೀವು ನಂಬಿದಿರಾ?" ಎಂದು ಎದುರೆದುರೇ ಕೇಳುವಂತಿರಬೇಕು. ವಕೀಲರಿಂದ ದೂರವಿದ್ದರೂ ಎಡಿನ್‌ಬರೋದ ಆ ಹದಿನೈದು ಜನರಿಗೆ ಅಷ್ಟು ಅವಕಾಶ ಉಳಿದಿತ್ತು.